ಕೆಲಸ ಹೋದಾಗ ವಿಶ್ವಾಸ ಎಲ್ಲಿ ನಿಲ್ಲುತ್ತದೆ?

ಸ್ವ-ಸಹಾಯ ಸಂಘಗಳ ತಿಂಗಳ ಪಾಠ



ಉಳಿತಾಯ ಕಟ್ಟಿ, ಸಾಲದ ಕಂತು ಬರೆದು, ನಡಾವಳಿ ಪುಸ್ತಕಕ್ಕೆ ಸಹಿ ಹಾಕಿದ ಮೇಲೆ ಸಭೆಯಲ್ಲಿ ಅರ್ಧ ಗಂಟೆ ಉಳಿಯುತ್ತದೆ. ಈ ಪಾಠ ಆ ಅರ್ಧ ಗಂಟೆಗೆ. ಒಬ್ಬರು ಓದಲಿ, ಉಳಿದವರು ಕೇಳಲಿ. ಓದಲು ಬಾರದ ಅಕ್ಕಂದಿರೇ ಇದರಲ್ಲಿ ಹೆಚ್ಚು ಮಾತಾಡಬೇಕು, ಯಾಕಂದ್ರೆ ಈ ವಿಷಯ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇದ್ದೇವೆ. ಈ ಪಾಠದಲ್ಲಿ ಪವಿತ್ರ ಬೈಬಲಿನ ಮಾತುಗಳು ಬರುತ್ತವೆ. ಕೆಲಸ ಹೋದ ನೋವು ಮಾತ್ರ ಎಲ್ಲರ ಮನೆಯದು.

ಮನೆಯಲ್ಲಿ ದುಡಿಯುವವರ ಕೆಲಸ ಹೋದಾಗ, ಅಥವಾ ನಮ್ಮದೇ ಕೆಲಸ ಹೋದಾಗ, ದೇವರ ಮೇಲಿನ ನಮ್ಮ ವಿಶ್ವಾಸಕ್ಕೆ ಏನಾಗುತ್ತದೆ? ಅದು ಒಡೆದು ಹೋಗುತ್ತದೆಯೇ, ಇಲ್ಲ ಇನ್ನೂ ಆಳಕ್ಕೆ ಇಳಿಯುತ್ತದೆಯೇ? ಆಳಕ್ಕೆ ಇಳಿಯಬೇಕಾದರೆ ನಾವು ಏನು ಮಾಡಬೇಕು? ಇವತ್ತಿನ ಪ್ರಶ್ನೆ ಇದೇ.

1. ನಮ್ಮೂರೇ ಮೊದಲ ಪಾಠ

ಕೆಲಸ ಹೋಗುವುದು ಅಂದರೆ ಏನು ಅಂತ ಕೆ.ಜಿ.ಎಫ್.ನವರಿಗೆ ಯಾರೂ ಕಲಿಸಬೇಕಾಗಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿ ಕೆಲಸ ಹಿಡಿಯಿತು. ಅಂದಿನಿಂದ ಆರ್ಕಾಟು, ಸೇಲಂ, ಚಿತ್ತೂರು ಕಡೆಗಳಿಂದ ನಮ್ಮ ಅಜ್ಜ ಮುತ್ತಜ್ಜಂದಿರು ಕೂಲಿಗೆ ಬಂದರು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟು ಬಂತು. ಬೆಂಗಳೂರಿನ ಬೀದಿಗಿಂತ ಮೊದಲು ನಮ್ಮ ಗಣಿಯಲ್ಲಿ ದೀಪ ಉರಿಯಿತು. ಒಂದು ಕಾಲಕ್ಕೆ ಮೂವತ್ತು ಸಾವಿರದಷ್ಟು ಜನ ಇಲ್ಲಿ ದುಡಿದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಯಿತು. ಆ ಆಳದಲ್ಲಿ ಬಂಡೆ ಸಿಡಿದು ಸತ್ತವರು ಎಷ್ಟೋ ಮಂದಿ. ಕಲ್ಲಿನ ಪುಡಿ ಶ್ವಾಸಕೋಶಕ್ಕೆ ಸೇರಿ ಕೆಮ್ಮುತ್ತಾ ಹೋದವರೂ ಅಷ್ಟೇ ಮಂದಿ.

1956ರಲ್ಲಿ ಗಣಿ ಮೈಸೂರು ರಾಜ್ಯ ಸರ್ಕಾರದ ಕೈಗೆ ಬಂತು. 1962ರಲ್ಲಿ ಕೇಂದ್ರಕ್ಕೆ ಹೋಯಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿ ಆಯಿತು. ಆದರೆ ಕಲ್ಲಿನೊಳಗಿನ ಚಿನ್ನ ವರ್ಷ ವರ್ಷಕ್ಕೆ ಕಡಿಮೆ ಆಗುತ್ತಾ ಬಂತು. ಮೊದಮೊದಲು ಒಂದು ಟನ್ ಕಲ್ಲಿಗೆ ಹತ್ತಾರು ಗ್ರಾಂ ಸಿಗುತ್ತಿತ್ತು. ಕೊನೆಕೊನೆಗೆ ಮೂರ್ನಾಲ್ಕು ಗ್ರಾಂ ಸಿಕ್ಕರೆ ಹೆಚ್ಚು. ತೆಗೆಯುವ ಖರ್ಚು ಸಿಗುವ ಚಿನ್ನಕ್ಕಿಂತ ಜಾಸ್ತಿ ಆಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು.

ಈ ಲೆಕ್ಕವನ್ನು ಇಲ್ಲಿ ಬರೆಯಲು ಒಂದು ಕಾರಣವಿದೆ. ಗಣಿ ಮುಚ್ಚಿದ್ದು ಕೂಲಿಯವರು ಸೋಮಾರಿಗಳಾಗಿದ್ದರು ಅಂತ ಅಲ್ಲ. ಅವರ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯೂ ಅಲ್ಲ. ಕಲ್ಲಿನಲ್ಲಿ ಚಿನ್ನ ಬತ್ತಿತು, ಮೇಲಿನವರು ಲೆಕ್ಕ ಹಾಕಿದರು, ಬಾಗಿಲು ಹಾಕಿದರು. ಆದರೂ ಆ ದಿನ ಎಷ್ಟೋ ಮನೆಗಳ ಯಜಮಾನರು ತಾವೇ ಏನೋ ತಪ್ಪು ಮಾಡಿದವರಂತೆ ತಲೆ ತಗ್ಗಿಸಿ ಮನೆಗೆ ಬಂದರು.

ಗಣಿ ಹೋದ ಮೇಲೆ ನಮ್ಮ ಊರು ರೈಲು ಹತ್ತಿತು. ಮಾರಿಕುಪ್ಪಂನಲ್ಲಿ ಕತ್ತಲಿರುವಾಗಲೇ ಹೊರಡುವ ಗಾಡಿ ಚಾಂಪಿಯನ್, ಊರ್ಗಾಂ, ಕೋರಮಂಡಲ ದಾಟಿ ಬಂಗಾರಪೇಟೆ ಜಂಕ್ಷನ್ ಸೇರುತ್ತದೆ. ಅಲ್ಲಿಂದ ಮಾಲೂರು, ವೈಟ್‌ಫೀಲ್ಡ್ ಕಡೆಯಿಂದ ಬೆಂಗಳೂರು. ಗಾರ್ಮೆಂಟ್ಸು, ಅಂಗಡಿ, ಆಸ್ಪತ್ರೆಯ ಆಯಾ ಕೆಲಸ, ಮನೆಗೆಲಸ, ಸೆಕ್ಯೂರಿಟಿ ಹೀಗೆ ಸಾವಿರಾರು ಜನರ ಅನ್ನ ಆ ಗಾಡಿಯ ಮೇಲೆ ನಿಂತಿದೆ. 2020ರ ಮಾರ್ಚ್‌ನಲ್ಲಿ ಕೊರೋನಾ ಲಾಕ್‌ಡೌನ್ ಬಂದು ದೇಶದ ಪ್ರಯಾಣಿಕರ ರೈಲುಗಳೆಲ್ಲ ನಿಂತಾಗ ಎರಡನೇ ಸಲ ಈ ಊರಿನ ಕೆಲಸ ಹೋಯಿತು. ಅಪ್ಪನಿಗೆ 2001ರಲ್ಲಿ ಆದದ್ದು ಮಗಳಿಗೆ 2020ರಲ್ಲಿ ಆಯಿತು.

2. ಸಂಬಳದ ಜೊತೆ ಏನೇನು ಹೋಗುತ್ತದೆ?

ಕೆಲಸ ಹೋದರೆ ಮೊದಲು ಹೋಗುವುದು ಸಂಬಳ. ಅದು ಎಲ್ಲರಿಗೂ ಕಾಣುತ್ತದೆ. ಕಾಣದೆ ಹೋಗುವುದು ಇನ್ನೂ ಕೆಲವಿದೆ.

ಹೊತ್ತು ಹೋಗುತ್ತದೆ. ಬೆಳಗ್ಗೆ ನಾಲ್ಕಕ್ಕೆ ಎದ್ದು ಬುತ್ತಿ ಕಟ್ಟುವವರಿಗೆ ಒಂದು ದಿನ ಬುತ್ತಿ ಕಟ್ಟುವುದೇ ಬೇಡವಾದರೆ ದಿನ ಎಲ್ಲಿ ಶುರುವಾಗುತ್ತದೆ ಅಂತಲೇ ಗೊತ್ತಾಗುವುದಿಲ್ಲ.

ಹೆಸರು ಹೋಗುತ್ತದೆ. "ಅವರು ಮೈನ್ಸ್‌ನಲ್ಲಿದ್ದಾರೆ", "ಆಕೆ ಸೂಪರ್‌ವೈಸರ್" ಅಂತ ಕರೆಯುತ್ತಿದ್ದ ಜನ ಈಗ ಏನಂತ ಕರೆಯಬೇಕು? ಮದುವೆ ಮನೆಗೆ ಹೋದರೆ "ಈಗ ಎಲ್ಲಿ ಕೆಲಸ?" ಅಂತ ಕೇಳುತ್ತಾರೆ. ಆ ಪ್ರಶ್ನೆಗೆ ಹೆದರಿ ಮದುವೆಗೇ ಹೋಗುವುದಿಲ್ಲ.

ಮಾತು ಹೋಗುತ್ತದೆ. ಗಂಡ ಹೆಂಡತಿ ನಡುವೆ ಮಾತು ಕಡಿಮೆ ಆಗುತ್ತದೆ. ಕೆಲವು ಮನೆಗಳಲ್ಲಿ ಆ ಜಾಗಕ್ಕೆ ಕುಡಿತ ಬರುತ್ತದೆ, ಕೈ ಎತ್ತುವುದು ಬರುತ್ತದೆ. ಕೆಲಸ ಹೋಯಿತು ಅನ್ನುವ ನೋವು ನಿಜ. ಆ ನೋವಿಗೆ ಹೆಂಡತಿಯ ಮೇಲೆ ಕೈ ಮಾಡುವ ಹಕ್ಕಿಲ್ಲ. ಇದನ್ನು ಸಹಿಸಿಕೊಂಡು ಸುಮ್ಮನಿರುವುದೇ ವಿಶ್ವಾಸ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಸಂಘಕ್ಕೆ ತಿಳಿಸಿ, ಧರ್ಮಕೇಂದ್ರದ ಗುರುಗಳಿಗೋ ಸಿಸ್ಟರಿಗೋ ತಿಳಿಸಿ. ಮಹಿಳಾ ಸಹಾಯವಾಣಿ 181 ಇದೆ.

ಕೊನೆಗೆ ಪ್ರಾರ್ಥನೆಯೂ ಹೋಗುತ್ತದೆ. ಭಾನುವಾರದ ಬಲಿಪೂಜೆಗೆ ಬರುತ್ತಿದ್ದವರು ನಿಧಾನವಾಗಿ ನಿಲ್ಲಿಸುತ್ತಾರೆ. ಕಾಣಿಕೆ ತಟ್ಟೆಗೆ ಹಾಕಲು ಏನೂ ಇಲ್ಲ ಅಂತ ನಾಚಿಕೆ. ಜಪಮಾಲೆ ಹಿಡಿದರೆ ಮನಸ್ಸು ಸಾಲದ ಲೆಕ್ಕ ಎಣಿಸುತ್ತದೆ. "ಇಷ್ಟು ವರ್ಷ ಗುಡಿಗೆ ಹೋದೆ, ದೇವರು ನನಗೆ ಯಾಕೆ ಹೀಗೆ ಮಾಡಿದ?" ಅನ್ನುವ ಮಾತು ಒಳಗೆ ಏಳುತ್ತದೆ. ಆ ಮಾತು ಬಂದರೆ ಹೆದರಬೇಡಿ. ಪವಿತ್ರ ಗ್ರಂಥದಲ್ಲಿ ಅದೇ ಮಾತನ್ನು ಜೋರಾಗಿ ಕೂಗಿ ಕೇಳಿದ ಒಬ್ಬ ಮನುಷ್ಯನಿದ್ದಾನೆ.

3. ಯೋಬನ ಗ್ರಂಥದಲ್ಲಿ ಒಂದು ಗಣಿ

ಯೋಬನ ಕಥೆ ನಮಗೆಲ್ಲ ಗೊತ್ತು. ದನ, ಕುರಿ, ಒಂಟೆ, ಆಳುಕಾಳು, ಮಕ್ಕಳು, ಆರೋಗ್ಯ ಎಲ್ಲ ಹೋಯಿತು. ನೋಡಲು ಬಂದ ಮೂವರು ಸ್ನೇಹಿತರು ಏಳು ದಿನ ಬಾಯಿ ಬಿಡದೆ ಅವನ ಜೊತೆ ನೆಲದ ಮೇಲೆ ಕೂತರು. ಅವರು ಮಾಡಿದ ಒಳ್ಳೆ ಕೆಲಸ ಅದೊಂದೇ. ಬಾಯಿ ಬಿಟ್ಟ ಮೇಲೆ, ನೀನು ಏನೋ ಪಾಪ ಮಾಡಿರಬೇಕು, ಇಲ್ಲದಿದ್ದರೆ ಹೀಗೆ ಆಗುತ್ತಿರಲಿಲ್ಲ ಅಂತ ವಾದ ಶುರು ಮಾಡಿದರು. ಯೋಬ ಒಪ್ಪಲಿಲ್ಲ. ದೇವರ ಜೊತೆಯೇ ಜಗಳ ಆಡಿದ. ಗ್ರಂಥದ ಕೊನೆಯಲ್ಲಿ ದೇವರು ಬೈದದ್ದು ಆ ಸ್ನೇಹಿತರನ್ನು. ತನ್ನ ಬಗ್ಗೆ ಸರಿಯಾಗಿ ಮಾತಾಡಿದವನು ಯೋಬನೇ ಅಂತ ದೇವರು ಹೇಳಿದರು (ಅಧ್ಯಾಯ 42).

ಸಹೋದರಿಯರೇ, ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಕೆಲಸ ಹೋದವರಿಗೆ "ನಿನ್ನ ನಡತೆ ಸರಿ ಇರಲಿಲ್ಲ, ಪ್ರಾರ್ಥನೆ ಸಾಲದು" ಅನ್ನುವವರು ಯೋಬನ ಸ್ನೇಹಿತರ ಸಾಲಿಗೆ ಸೇರಿದವರು. ದೇವರ ಮುಂದೆ ಅತ್ತು ಕೂಗಿ ಪ್ರಶ್ನೆ ಕೇಳಿದರೆ ವಿಶ್ವಾಸ ಹೋಯಿತು ಅಂತ ಅರ್ಥ ಅಲ್ಲ. ಇನ್ನೂ ಅವರ ಜೊತೆ ಮಾತು ಬಿಟ್ಟಿಲ್ಲ ಅಂತ ಅರ್ಥ.

ಅದೇ ಗ್ರಂಥದ 28ನೇ ಅಧ್ಯಾಯವನ್ನು ಕೆ.ಜಿ.ಎಫ್.ನವರು ಒಮ್ಮೆಯಾದರೂ ನಿಧಾನವಾಗಿ ಓದಬೇಕು. ಸಾವಿರಾರು ವರ್ಷದ ಹಿಂದೆ ಬರೆದ ಆ ಅಧ್ಯಾಯ ಗಣಿ ಕೆಲಸದ ಬಗ್ಗೆಯೇ ಇದೆ. ಬೆಳ್ಳಿಗೆ ಗಣಿ ಇದೆ, ಚಿನ್ನ ಶುದ್ಧ ಮಾಡುವ ಜಾಗ ಇದೆ ಅಂತ ಶುರುವಾಗುತ್ತದೆ. ಜನ ಓಡಾಡದ ಕಡೆ ಮನುಷ್ಯ ಬಾವಿಯಂತೆ ತೋಡುತ್ತಾನೆ, ಹಗ್ಗಕ್ಕೆ ನೇತಾಡುತ್ತಾ ಕೆಳಗೆ ಇಳಿಯುತ್ತಾನೆ, ಕತ್ತಲೆಯೊಳಗೆ ದೀಪ ತರುತ್ತಾನೆ, ಹದ್ದಿನ ಕಣ್ಣಿಗೂ ಕಾಣದ ದಾರಿಯಲ್ಲಿ ನಡೆಯುತ್ತಾನೆ ಅಂತ ವಿವರಿಸುತ್ತದೆ. ಓದುತ್ತಿದ್ದರೆ ನಮ್ಮ ತಾತಂದಿರನ್ನು ಕಣ್ಣಾರೆ ಕಂಡು ಬರೆದ ಹಾಗಿದೆ.

ಆಮೇಲೆ ಒಂದು ಪ್ರಶ್ನೆ ಬರುತ್ತದೆ. ಚಿನ್ನ ಎಲ್ಲಿದೆ ಅಂತ ಮನುಷ್ಯನಿಗೆ ಗೊತ್ತು, ಆದರೆ ಜ್ಞಾನ ಎಲ್ಲಿ ಸಿಗುತ್ತದೆ? ಭೂಮಿಯ ಆಳ ನನ್ನಲ್ಲಿ ಇಲ್ಲ ಅನ್ನುತ್ತದೆ. ಸಮುದ್ರವೂ ಅದನ್ನೇ ಹೇಳುತ್ತದೆ. ಎಷ್ಟು ಚಿನ್ನ ತೂಗಿ ಕೊಟ್ಟರೂ ಅದನ್ನು ಕೊಳ್ಳಲಾಗದು. ಅದರ ದಾರಿ ಗೊತ್ತಿರುವುದು ದೇವರಿಗೆ ಮಾತ್ರ. ದೇವರಲ್ಲಿ ಭಯಭಕ್ತಿ ಇಟ್ಟು ಕೆಟ್ಟದ್ದರಿಂದ ದೂರ ಇರುವುದೇ ಜ್ಞಾನ ಅಂತ ಅಧ್ಯಾಯ ಮುಗಿಯುತ್ತದೆ.

ಇದನ್ನು ನಮ್ಮ ಊರಿನ ಮಾತಲ್ಲಿ ಹೇಳಿದರೆ ಹೀಗೆ. ನೂರಿಪ್ಪತ್ತು ವರ್ಷದಲ್ಲಿ ಈ ನೆಲದಿಂದ ಸುಮಾರು 800 ಟನ್ ಚಿನ್ನ ಮೇಲೆ ಬಂತು. ಅಷ್ಟು ಚಿನ್ನ ಬಂದರೂ ತೆಗೆದವರ ಮನೆ ಹತ್ತಡಿ ಅಗಲದ ಲೈನ್ ಮನೆಯಾಗಿಯೇ ಉಳಿಯಿತು. ಚಿನ್ನ ನಮ್ಮನ್ನು ಕಾಪಾಡಲಿಲ್ಲ. ಹಾಗಾದರೆ ಗಣಿ ಮುಚ್ಚಿದ ಮೇಲೆ ಈ ಊರನ್ನು ಉಳಿಸಿದ್ದು ಯಾವುದು? ಅಕ್ಕಿ ಸಾಲ ಕೊಟ್ಟ ಪಕ್ಕದ ಮನೆಯವರು. ರೈಲಲ್ಲಿ ಸೀಟು ಹಿಡಿದಿಟ್ಟು "ಬಾ ಅಕ್ಕ, ನಮ್ಮ ಕಂಪನಿಯಲ್ಲಿ ಆಳು ಬೇಕಂತೆ" ಅಂದವರು. ಹತ್ತು ಹತ್ತು ರೂಪಾಯಿ ಕೂಡಿಟ್ಟ ಹೆಂಗಸರು. ಮಕ್ಕಳ ಶಾಲೆ ಬಿಡಿಸಬಾರದು ಅಂತ ಹಟ ಹಿಡಿದ ತಾಯಂದಿರು. ಯೋಬನ ಗ್ರಂಥ ಹೇಳುವ ಜ್ಞಾನ ಇದೇ ಜಾತಿಯದು. ಸಂಬಳ ಬರುತ್ತಿದ್ದಾಗ ಇದು ನಮಗೆ ಅಷ್ಟಾಗಿ ಕಂಡಿರಲಿಲ್ಲ. ಸಂಬಳ ನಿಂತ ಮೇಲೆ ಕಂಡಿತು.

ಇಲ್ಲಿ ಒಂದು ಎಚ್ಚರಿಕೆ ಮಾತು. ಚಿನ್ನವನ್ನು ಬೆಂಕಿಯಲ್ಲಿ ಪುಟ ಹಾಕುವಂತೆ ವಿಶ್ವಾಸಕ್ಕೂ ಪರೀಕ್ಷೆ ಬರುತ್ತದೆ, ಆ ವಿಶ್ವಾಸ ಚಿನ್ನಕ್ಕಿಂತ ಬೆಲೆಯುಳ್ಳದ್ದು ಅಂತ ಸಂತ ಪೇತ್ರನ ಮೊದಲ ಪತ್ರ ಹೇಳುತ್ತದೆ (ಅಧ್ಯಾಯ 1). ಇದನ್ನು ಕೇಳಿ, ನಮ್ಮ ವಿಶ್ವಾಸ ಗಟ್ಟಿ ಮಾಡಲಿಕ್ಕೇ ದೇವರು ನಮ್ಮ ಕೆಲಸ ಕಿತ್ತುಕೊಂಡರು ಅಂತ ತಿಳಿಯಬಾರದು. ದೇವರು ಬಡವರ ಹೊಟ್ಟೆಯ ಮೇಲೆ ಹೊಡೆದು ಪಾಠ ಕಲಿಸುವ ಮೇಸ್ತ್ರಿ ಅಲ್ಲ. ಕೆಲಸ ಕಿತ್ತವರು ಮನುಷ್ಯರು, ಮಾರುಕಟ್ಟೆ, ರೋಗ, ಕೆಲವು ಸಲ ಅನ್ಯಾಯ. ದೇವರು ಆ ಬೆಂಕಿಯೊಳಗೆ ನಮ್ಮ ಜೊತೆ ಇದ್ದು ನಮ್ಮನ್ನು ಹಿಡಿದುಕೊಳ್ಳುತ್ತಾರೆ.

4. ಸಂಜೆ ಐದರವರೆಗೆ ನಿಂತವರು

ಮತ್ತಾಯನ ಶುಭಸಂದೇಶ 20ನೇ ಅಧ್ಯಾಯದಲ್ಲಿ ಪ್ರಭು ಯೇಸು ಒಂದು ಸಾಮತಿ ಹೇಳುತ್ತಾರೆ. ದ್ರಾಕ್ಷಿ ತೋಟದ ಯಜಮಾನ ಬೆಳಗಾಗುತ್ತಲೇ ಪೇಟೆ ಬೀದಿಗೆ ಹೋಗಿ ಕೂಲಿಯವರನ್ನು ಕರೆತರುತ್ತಾನೆ. ಒಂಬತ್ತಕ್ಕೆ, ಮಧ್ಯಾಹ್ನಕ್ಕೆ, ಮೂರಕ್ಕೆ ಮತ್ತೆ ಹೋಗುತ್ತಾನೆ. ಸಂಜೆ ಐದಕ್ಕೆ ಹೋದಾಗಲೂ ಕೆಲವರು ಅಲ್ಲೇ ನಿಂತಿದ್ದಾರೆ. ದಿನವೆಲ್ಲ ಸುಮ್ಮನೆ ಯಾಕೆ ನಿಂತಿದ್ದೀರಿ ಅಂತ ಕೇಳಿದರೆ, ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ ಅನ್ನುತ್ತಾರೆ. ಯಜಮಾನ ಅವರನ್ನೂ ಕರೆಯುತ್ತಾನೆ. ಸಂಜೆ ಕೂಲಿ ಕೊಡುವಾಗ ಅವರಿಗೂ ಪೂರ್ತಿ ದಿನದ ಒಂದು ಬೆಳ್ಳಿ ನಾಣ್ಯ.

ಈ ಸಾಮತಿ ಓದುವಾಗ ನಮ್ಮಲ್ಲಿ ಹೆಚ್ಚಿನವರು ಬೆಳಗ್ಗೆ ಬಂದವರ ಪರ ವಾದ ಮಾಡುತ್ತೇವೆ. ಕೆಲಸ ಕಳೆದುಕೊಂಡವರು ಇದನ್ನು ಬೇರೆ ರೀತಿ ಕೇಳುತ್ತಾರೆ. ಐದು ಗಂಟೆಯವರೆಗೆ ನಿಂತವರಿಗೆ ಬಿಸಿಲು ಕಡಿಮೆ ಇರಲಿಲ್ಲ. ಪ್ರತಿ ಸಲ ಯಜಮಾನ ಬಂದಾಗಲೂ ಆಸೆ, ಪ್ರತಿ ಸಲವೂ ನಿರಾಸೆ. ಮನೆಗೆ ಬರಿಗೈಲಿ ಹೋಗುವುದು ಹೇಗೆ ಅನ್ನುವ ಚಿಂತೆ. ಅವರು ಸೋಮಾರಿಗಳಾಗಿದ್ದರೆ ಮಧ್ಯಾಹ್ನಕ್ಕೇ ಮನೆಗೆ ಹೋಗಿ ಮಲಗುತ್ತಿದ್ದರು. ಸಂಜೆ ಐದಕ್ಕೂ ಅಲ್ಲಿ ನಿಂತಿದ್ದೇ ಅವರ ವಿಶ್ವಾಸ.

ಯಜಮಾನ ಪೂರ್ತಿ ಕೂಲಿ ಕೊಟ್ಟದ್ದು ಯಾಕೆ? ಆ ನಾಣ್ಯ ಒಂದು ಸಂಸಾರದ ಒಂದು ದಿನದ ಊಟ. ಒಂದೇ ಗಂಟೆ ಕೆಲಸ ಮಾಡಿದ ಅಂತ ಅವನ ಮಕ್ಕಳ ಹಸಿವು ಕಡಿಮೆ ಆಗುವುದಿಲ್ಲ. ದೇವರು ಮೊದಲು ನೋಡುವುದು ಮನುಷ್ಯನನ್ನು, ಆಮೇಲೆ ಗಂಟೆ ಲೆಕ್ಕ. ಪೋಪ್ ಎರಡನೇ ಜಾನ್ ಪಾಲ್ ಅವರು 1981ರಲ್ಲಿ ಕೆಲಸದ ಬಗ್ಗೆ ಧರ್ಮಸಭೆಗೆ ಒಂದು ದೊಡ್ಡ ಪತ್ರ ಬರೆದರು. ಕೆಲಸ ಇರುವುದು ಮನುಷ್ಯನಿಗಾಗಿ, ಮನುಷ್ಯ ಇರುವುದು ಕೆಲಸಕ್ಕಾಗಿ ಅಲ್ಲ ಅನ್ನುವುದು ಅದರ ಮುಖ್ಯ ಬೋಧನೆ. ಕೆಲಸ ಹೋದ ದಿನವೂ ನಿಮ್ಮ ಬೆಲೆ ಒಂದು ಗುಂಜಿಯಷ್ಟೂ ಇಳಿದಿಲ್ಲ. ವಿಶ್ವಾಸದ ಮೊದಲ ಮೆಟ್ಟಿಲು ಇದು.

5. ರೂತಳು ಆಯ್ದ ತೆನೆ

ಬೆಲೆ ಇಳಿದಿಲ್ಲ ಸರಿ, ನಾಳೆ ಒಲೆ ಹಚ್ಚುವುದು ಹೇಗೆ? ಇದಕ್ಕೆ ರೂತಳ ಗ್ರಂಥ ನೋಡಿ. ಕೇವಲ ನಾಲ್ಕು ಅಧ್ಯಾಯ, ಒಂದೇ ಸಭೆಯಲ್ಲಿ ಓದಿ ಮುಗಿಸಬಹುದು.

ನವೋಮಿ ಬರಗಾಲಕ್ಕೆ ಊರು ಬಿಟ್ಟು ಹೋದವಳು. ಹೋದ ಊರಲ್ಲಿ ಗಂಡ ಸತ್ತ, ಇಬ್ಬರು ಮಕ್ಕಳೂ ಸತ್ತರು. ಬರಿಗೈಲಿ ಬೆತ್ಲೆಹೇಮಿಗೆ ವಾಪಸು ಬಂದಾಗ ಊರ ಹೆಂಗಸರು ಗುರುತು ಹಿಡಿದರು. ಅವಳು ನನ್ನನ್ನು ನವೋಮಿ ಅನ್ನಬೇಡಿ, ಕಹಿ ಅಂತ ಕರೆಯಿರಿ, ತುಂಬಿಕೊಂಡು ಹೋದವಳು ಬರಿದಾಗಿ ಬಂದೆ ಅಂತ ಹೇಳಿಕೊಂಡಳು. ಪಕ್ಕದಲ್ಲೇ ಸೊಸೆ ರೂತಳು ನಿಂತಿದ್ದಳು. ಆದರೂ ಅತ್ತೆಗೆ ತಾನು ಬರಿದು ಅನ್ನಿಸಿತು. ದುಃಖದಲ್ಲಿ ನಮಗೂ ಹೀಗೇ ಆಗುತ್ತದೆ. ಪಕ್ಕದಲ್ಲಿ ಇರುವವರು ಕಾಣುವುದಿಲ್ಲ.

ರೂತಳು ಏನು ಮಾಡಿದಳು? ದೊಡ್ಡ ಮಾತು ಆಡಲಿಲ್ಲ. ಜವೆಗೋದಿ ಕೊಯ್ಲಿನ ಕಾಲ. ಕೊಯ್ಯುವವರ ಹಿಂದೆ ಹೋಗಿ ಬಿದ್ದ ತೆನೆ ಆಯ್ದುಕೊಂಡು ಬರುತ್ತೇನೆ ಅಂತ ಹೊರಟಳು. ಹೊರಗಿನಿಂದ ಬಂದವಳು, ವಿಧವೆ, ಯಾರ ಪರಿಚಯವೂ ಇಲ್ಲ. ನಮ್ಮ ಕಡೆ ರಾಗಿ ಕೊಯ್ಲಾದ ಮೇಲೆ ಹೊಲದಲ್ಲಿ ಬಿದ್ದ ತೆನೆ ಆಯುವುದನ್ನು ನೋಡಿದವರಿಗೆ ಗೊತ್ತು, ಅದು ಬೆನ್ನು ಬಗ್ಗಿಸುವ ಕೆಲಸ, ಮರ್ಯಾದೆ ಕೆಲಸ ಅಂತ ಯಾರೂ ಅನ್ನುವುದಿಲ್ಲ. ಸಂಜೆ ಹೊತ್ತಿಗೆ ಬಡಿದು ತೂರಿದ ಕಾಳು ಅತ್ತೆಯ ಮುಂದೆ ಇಟ್ಟಳು. ಅಲ್ಲಿಂದ ನವೋಮಿಯ ಬಾಯಲ್ಲಿ ಮತ್ತೆ ದೇವರ ಹೆಸರು ಬಂತು.

ಇದರಿಂದ ಎರಡು ಮಾತು ಕಲಿಯೋಣ.

ಒಂದು: ಕೆಲಸ ಹೋದವರು ಮೊದಲಿದ್ದ ಕೆಲಸದ ಮಟ್ಟಕ್ಕೇ ಕಾಯುತ್ತಾ ಕೂರಬಾರದು. ನಮ್ಮ ಊರಲ್ಲಿ ಗಣಿ ಮತ್ತೆ ತೆರೆಯುತ್ತದೆ ಅನ್ನುವ ಮಾತು 2001ರಿಂದಲೂ ಇದೆ. 2024ರ ಜೂನ್‌ನಲ್ಲಿ ಬಿ.ಜಿ.ಎಂ.ಎಲ್. ಜಾಗದ 13 ಮಣ್ಣುದಿಬ್ಬಗಳಿಂದ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆಯನ್ನೂ ಕೊಟ್ಟಿತು. ಆಗಲಿ, ಒಳ್ಳೆಯದೇ. ಆದರೆ ಅದಕ್ಕೇ ಕಾದು ಕೂತರೆ ಮಕ್ಕಳ ಫೀಸು ಕಾಯುವುದಿಲ್ಲ. ಟೈಲರಿಂಗು, ಇಡ್ಲಿ ಹಿಟ್ಟು, ಹಸು, ಬಂಗಾರಪೇಟೆ ಪಾನಿಪೂರಿಯಂಥ ಸಣ್ಣ ಅಂಗಡಿ, ಯಾವುದಾದರೂ ಕೈಗೆ ಸಿಕ್ಕಿದ ತೆನೆ ಆಯ್ದುಕೊಳ್ಳಲು ನಾಚಿಕೆ ಬೇಡ. ಗಣಿಯೊಳಗೆ ಇಳಿಯುವವರ ದೀಪ ಮುಂದಿನ ನಾಲ್ಕು ಹೆಜ್ಜೆ ಮಾತ್ರ ತೋರಿಸುತ್ತಿತ್ತು, ಇಡೀ ಸುರಂಗ ತೋರಿಸುತ್ತಿರಲಿಲ್ಲ. ಅಷ್ಟರಲ್ಲೇ ಅವರು ನಡೆದರು.

ಎರಡು: ರೂತಳಿಗೆ ತೆನೆ ಸಿಕ್ಕಿದ್ದು ಸುಮ್ಮನೆ ಅಲ್ಲ. ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡಿ, ಬಿದ್ದದ್ದನ್ನು ಬಡವರಿಗೂ ಪರದೇಶಿಗಳಿಗೂ ಬಿಡಿ ಅಂತ ದೇವರ ಕಟ್ಟಳೆ ಇತ್ತು (ಯಾಜಕಕಾಂಡ 19). ಹೊಲದ ಯಜಮಾನ ಬೋವಜ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಅವಳಿಗಾಗಿ ಬೇಕೆಂದೇ ಕೆಲವು ತೆನೆ ಬೀಳಿಸಿ, ಅವಳನ್ನು ಗದರಿಸಬೇಡಿ ಅಂತ ಆಳುಗಳಿಗೆ ಹೇಳಿದ. ಸಹಾಯ ಮಾಡಿದ, ಮಾಡಿದ್ದು ಅವಳಿಗೆ ಗೊತ್ತಾಗದ ಹಾಗೆ ಮಾಡಿದ. ಕೆಲಸ ಹೋದವರಿಗೆ ಸಂಘ ಮಾಡಬೇಕಾದದ್ದೂ ಇದೇ.

6. ಹರಕೆಯ ಮಾತು

ಕೆಲಸ ಹೋದಾಗ ನಾವು ಹರಕೆ ಹೊರುತ್ತೇವೆ. ವೇಲಾಂಗಣ್ಣಿಗೆ ಬರುತ್ತೇನೆ, ಶಿವಾಜಿನಗರದ ಮಾತೆಗೆ ಸೀರೆ ಉಡಿಸುತ್ತೇನೆ, ವಿವೇಕನಗರದ ಬಾಲಯೇಸುವಿನ ಗುಡಿಗೆ ಒಂಬತ್ತು ಗುರುವಾರ ಬರುತ್ತೇನೆ ಅಂತ. ತಪ್ಪೇನಿಲ್ಲ. ತಾಯಿಯ ಮುಂದೆ ಮಗು ಸೆರಗು ಹಿಡಿದು ಅಳುವ ಹಾಗೆ ಇದು. ಆದರೆ ಒಂಬತ್ತು ವಾರ ಮುಗಿದರೂ ಕೆಲಸ ಸಿಗದಿದ್ದರೆ? "ನನ್ನ ಪ್ರಾರ್ಥನೆ ಕೇಳಲಿಲ್ಲ" ಅಂತ ಮೊಂಬತ್ತಿ ಆರಿಸಿ ಮನೆಗೆ ಬರುವುದೇ?

ಹರಕೆ ವ್ಯಾಪಾರ ಆದರೆ ಅಲ್ಲಿಗೇ ಮುಗಿಯುತ್ತದೆ. ಹರಕೆ ಸಂಬಂಧ ಆದರೆ ಮುಂದುವರಿಯುತ್ತದೆ. ಸಂತ ಜೋಸೆಫರನ್ನು ನೋಡಿ. ಮೇ 1ರಂದು ಕಾರ್ಮಿಕರ ಪಾಲಕರೆಂದು ಅವರ ಹಬ್ಬ ಆಚರಿಸುವ ಪದ್ಧತಿ 1955ರಲ್ಲಿ ಶುರುವಾಯಿತು. ಆ ಬಡಗಿ ಒಂದು ರಾತ್ರಿ ಕೂಸನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಓಡಬೇಕಾಯಿತು. ಗಿರಾಕಿ, ಪರಿಚಯ, ಭಾಷೆ ಎಲ್ಲ ಬಿಟ್ಟು ಹೋದರು. ದೇವರ ಮಗನೇ ಮನೆಯಲ್ಲಿದ್ದರೂ ಅವರಿಗೆ ಆ ಕಷ್ಟ ತಪ್ಪಲಿಲ್ಲ. ಮುಂದಿನ ಹೆಜ್ಜೆ ಯಾವುದು ಅಂತ ಮಾತ್ರ ಒಂದೊಂದು ಸಲ ತಿಳಿಯಿತು. ಎದ್ದು ನಡೆದರು.

ಆದ್ದರಿಂದ "ಪ್ರಭುವೇ, ಕೆಲಸ ಕೊಡು" ಅಂತ ಕೇಳೋಣ, ಧಾರಾಳವಾಗಿ ಕೇಳೋಣ. ಅದರ ಜೊತೆಗೆ ಇನ್ನೊಂದು ಮಾತು ಸೇರಿಸೋಣ: "ಕೆಲಸ ಸಿಗುವವರೆಗೆ ನನ್ನ ಜೊತೆ ಇರು." ಮೊದಲ ಬೇಡಿಕೆಗೆ ಉತ್ತರ ತಡ ಆಗಬಹುದು. ಎರಡನೆಯದಕ್ಕೆ ಉತ್ತರ ಆಗಲೇ ಬಂದಿದೆ.

7. ಸಂಘ ಏನು ಮಾಡಬಹುದು?

ರೋಮಿನಿಂದ ಯೆಹೂದ್ಯರನ್ನು ಹೊರಗೆ ಹಾಕಿದಾಗ ಅಕ್ವಿಲ ಮತ್ತು ಅವನ ಹೆಂಡತಿ ಪ್ರಿಸ್ಸಿಲ ಕೊರಿಂಥ ಊರಿಗೆ ಬಂದು ಗುಡಾರ ಹೊಲಿಯುವ ಕಸುಬು ಮತ್ತೆ ಶುರು ಮಾಡಿದರು. ತಾವೇ ಊರು ಬಿಟ್ಟು ಬಂದವರು, ಆದರೂ ಪೌಲನಿಗೆ ಮನೆಯಲ್ಲಿ ಜಾಗ ಕೊಟ್ಟು ಜೊತೆಗೆ ಕೆಲಸಕ್ಕೆ ಕೂರಿಸಿಕೊಂಡರು (ಪ್ರೇಷಿತರ ಕಾರ್ಯಕಲಾಪಗಳು 18). ಆ ಮನೆ ಒಂದು ಸಂಘದ ಹಾಗೆಯೇ ಇತ್ತು. ನಮ್ಮ ಸಂಘ ಈ ಕೆಲಸಗಳನ್ನು ಮಾಡಬಹುದು.

ಮೊದಲು ಮನೆಗೆ ಹೋಗುವುದು. ಸದಸ್ಯೆ ಎರಡು ವಾರ ಸಭೆಗೆ ಬರಲಿಲ್ಲ ಅಂದರೆ ದಂಡ ಬರೆಯುವ ಮೊದಲು ಇಬ್ಬರು ಅವಳ ಮನೆಗೆ ಹೋಗಿ. ಬುದ್ಧಿ ಹೇಳಲು ಹೋಗಬೇಡಿ. ಯೋಬನ ಸ್ನೇಹಿತರು ಮೊದಲ ಏಳು ದಿನ ಮಾಡಿದ್ದನ್ನು ಮಾಡಿ, ಎಂಟನೇ ದಿನ ಮಾಡಿದ್ದನ್ನು ಮಾಡಬೇಡಿ.

ಎರಡನೆಯದು ಕಂತು. ಸಂಬಳ ನಿಂತವರಿಗೆ ಒಳಸಾಲದ ಕಂತನ್ನು ಎರಡು ಮೂರು ತಿಂಗಳು ಕಡಿಮೆ ಮಾಡುವುದೋ ಮುಂದೂಡುವುದೋ ಸಭೆಯಲ್ಲಿ ತೀರ್ಮಾನಿಸಿ, ನಡಾವಳಿಯಲ್ಲಿ ಬರೆಯಿರಿ. ಈ ನಿಯಮ ಎಲ್ಲರಿಗೂ ಒಂದೇ ಇರಲಿ, ಆಗ ಅದು ಭಿಕ್ಷೆ ಅನ್ನಿಸುವುದಿಲ್ಲ. ಇದೇ ನಮ್ಮ ಹೊಲದ ಅಂಚು.

ಮೂರನೆಯದು ಹೊರಗಿನ ಸಾಲ. ಕೆಲಸ ಹೋದ ತಿಂಗಳಲ್ಲೇ ಮೀಟರ್ ಬಡ್ಡಿಯವರು, ಮನೆ ಬಾಗಿಲಿಗೆ ಬರುವ ಸಾಲದ ಕಂಪನಿಗಳು ಹತ್ತಿರ ಬರುತ್ತಾರೆ. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡಬೇಡಿ. ವಸೂಲಿಯವರು ಬೆದರಿಸಿದರೆ ಸುಮ್ಮನಿರಬೇಡಿ. ಇಂಥ ಕಿರುಕುಳ ತಡೆಯಲೆಂದೇ ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಸಂಘದವರು ಜೊತೆಯಾಗಿ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಬಹುದು.

ನಾಲ್ಕನೆಯದು ಹಕ್ಕು. ಬಾಕಿ ಸಂಬಳ, ಪಿ.ಎಫ್. ಹಣ, ಕೆಲಸ ಮಾಡಿದ್ದಕ್ಕೆ ಸರ್ಟಿಫಿಕೇಟು, ಇವನ್ನು ಕೇಳಿ ತೆಗೆದುಕೊಳ್ಳಬೇಕು. ಖಾಲಿ ಹಾಳೆಗೆ ಸಹಿ ಹಾಕಬಾರದು. ಓದು ಬರುವ ಒಬ್ಬ ಸದಸ್ಯೆ ಜೊತೆಗೆ ಹೋಗಲಿ. ನಮ್ಮದನ್ನು ಕೇಳುವುದು ವಿಶ್ವಾಸಕ್ಕೆ ವಿರುದ್ಧ ಅಲ್ಲ. ಕೂಲಿ ತಡೆಹಿಡಿದರೆ ಅದರ ಕೂಗು ದೇವರ ಕಿವಿಗೆ ಮುಟ್ಟುತ್ತದೆ ಅಂತ ಸಂತ ಯಕೋಬನ ಪತ್ರವೇ ಹೇಳುತ್ತದೆ (ಅಧ್ಯಾಯ 5).

ಐದನೆಯದು ಜೊತೆ ಪ್ರಾರ್ಥನೆ. ಒಬ್ಬಳೇ ಜಪಮಾಲೆ ಹಿಡಿಯಲಾಗದವಳಿಗೆ ಇನ್ನೊಬ್ಬಳು ಹಿಡಿದುಕೊಡಲಿ. ನನ್ನ ವಿಶ್ವಾಸ ಸೋತ ದಿನ ನಿಮ್ಮ ವಿಶ್ವಾಸ ನನ್ನನ್ನು ಹೊತ್ತುಕೊಳ್ಳಲಿ. ನಾಳೆ ನಿಮ್ಮ ಸರದಿ ಬರಬಹುದು.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಮನೆಯಲ್ಲಿ ಕೆಲಸ ಹೋದ ದಿನಗಳಲ್ಲಿ ನಮಗೆ ಹೆಚ್ಚು ನೋವು ಕೊಟ್ಟ ಮಾತು ಯಾವುದು? ಧೈರ್ಯ ಕೊಟ್ಟ ಮಾತು ಯಾವುದು? (ಹೇಳಲು ಇಷ್ಟ ಇಲ್ಲದವರನ್ನು ಒತ್ತಾಯಿಸಬೇಡಿ.)

2. ಗಣಿ ಮುಚ್ಚಿದ ಮೇಲೆ ನಮ್ಮ ಲೈನಿನಲ್ಲಿ, ನಮ್ಮ ಬೀದಿಯಲ್ಲಿ ಯಾರ ಒಳ್ಳೆಯತನ ಬೆಳಕಿಗೆ ಬಂತು? ವಯಸ್ಸಾದ ತಾಯಂದಿರು ಹೇಳಲಿ, ಚಿಕ್ಕವರು ಕೇಳಲಿ.

3. ಮತ್ತಾಯ 20ರ ಸಾಮತಿಯಲ್ಲಿ ಬೆಳಗ್ಗೆ ಬಂದವರ ಗೊಣಗಾಟ ನ್ಯಾಯವೇ? ನಮ್ಮ ಸಂಘದಲ್ಲಿ ಕಂತು ಮುಂದೂಡಿದರೆ ಹಾಗೇ ಗೊಣಗುವವರು ಯಾರು?

4. ಈಗ ನಮ್ಮ ಸಂಘದಲ್ಲಿ ಕೆಲಸ ಇಲ್ಲದೆ ಇರುವವರಿದ್ದಾರೆಯೇ? ಅವರಿಗೆ ನಾವು ಬೇಕೆಂದೇ ಬೀಳಿಸಬಹುದಾದ ತೆನೆ ಯಾವುದು?

ಈ ತಿಂಗಳ ನಿರ್ಣಯ

ಮುಂದಿನ ಸಭೆಯೊಳಗೆ ಕೆಲಸ ಹೋದ ಒಂದು ಮನೆಗೆ ಇಬ್ಬರು ಸದಸ್ಯೆಯರು ಹೋಗಿ ಬರಬೇಕು. ಕಂತು ಮುಂದೂಡುವ ನಿಯಮವನ್ನು ಚರ್ಚಿಸಿ ನಡಾವಳಿಯಲ್ಲಿ ಬರೆಯಬೇಕು. ಮನೆಯಲ್ಲಿ ಯೋಬನ ಗ್ರಂಥ 28ನೇ ಅಧ್ಯಾಯವನ್ನು ಮಕ್ಕಳಿಂದ ಓದಿಸಿ ಕೇಳಬೇಕು. ಮನೆಯಲ್ಲಿ ಗಣಿ ಕಂಡ ಹಿರಿಯರಿದ್ದರೆ ಅವರನ್ನೂ ಜೊತೆಗೆ ಕೂರಿಸಿಕೊಳ್ಳಿ.

ಪ್ರಾರ್ಥನೆ

(ಎಲ್ಲರೂ ಎದ್ದು ನಿಲ್ಲೋಣ. ಬೇರೆ ಧರ್ಮದ ಸಹೋದರಿಯರು ತಮ್ಮ ರೀತಿಯಲ್ಲಿ ಪ್ರಾರ್ಥಿಸಬಹುದು.)

ಪ್ರಭುವೇ, ಬಡಗಿಯ ಮನೆಯಲ್ಲಿ ಬೆಳೆದವನೇ, ಕೆಲಸದ ಬೆವರೂ ನಿನಗೆ ಗೊತ್ತು, ಕೆಲಸ ಇಲ್ಲದ ಚಿಂತೆಯೂ ನಿನಗೆ ಗೊತ್ತು. ಈ ನೆಲದ ಆಳದಲ್ಲಿ ದುಡಿದು ಸತ್ತ ನಮ್ಮ ಹಿರಿಯರಿಗೆ ಶಾಂತಿ ಕೊಡು. ಇವತ್ತು ಕೆಲಸ ಹುಡುಕುತ್ತಾ ನಿಂತವರ ಹತ್ತಿರ ಸಂಜೆ ಐದಕ್ಕಾದರೂ ಬಾ. ಅವರ ಮನೆಯ ಒಲೆ ಆರದಿರಲಿ, ಅವರ ಮನಸ್ಸು ಕಹಿಯಾಗದಿರಲಿ. ಕೆಲಸ ಇರುವ ನಮಗೆ ಹೊಲದ ಅಂಚು ಬಿಡುವ ಬುದ್ಧಿ ಕೊಡು. ನಿನ್ನ ಮೇಲಿನ ನಮ್ಮ ವಿಶ್ವಾಸ ಸಂಬಳದ ದಿನಕ್ಕೆ ಕಟ್ಟಿಹಾಕಿದ್ದಾಗದಿರಲಿ. ಆಮೆನ್.